ಪಂಚಾಕ್ಷರಪ್ಪನ ಪಾಠದ ಪಟ್ಟಿ

ಎಲ್ಲಕ್ಕೂ ಕಾರಣ ಒಂದು ಎಮ್ಮೆ. ಅದು ಉಜ್ಜಪ್ಪ ಮೇಷ್ಟ್ರ ಎಮ್ಮೆ.

ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಪಂಚಾಕ್ಷರಪ್ಪ ತನ್ನ ಆರು ವರ್ಷದ ಮಗಳು ಚೌಡೇಶ್ವರಿಯನ್ನೂ ಐದು ವರ್ಷದ ಮಗ ಕಲ್ಲಪ್ಪನನ್ನೂ ಐವತ್ತೆಂಟನೇ ಇಸವಿ ಜೂನ್‌ನಲ್ಲಿ ಮನೆಯ ಹತ್ತಿರದ ಶಾಲೆಗೆ ಸೇರಿಸಿದ್ದ. ಎಂಟನೆಯ ದಿನ ಸಂಜೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಏನೇನು ಕಲಿತೆ ಎಂದು ಕೇಳಿದ. ಉಜ್ಜಪ್ಪ ಮೇಷ್ಟ್ರ ಎಮ್ಮೆಯ ಹತ್ತಿರ ಬಲಗಡೆಯಿಂದ ಹೋದರೆ ಒದೆಯುತ್ತದೆ, ಎಡಗಡೆಯಿಂದ ಹೋದರೆ ಸುಮ್ಮನಿರುತ್ತದೆ ಎಂದಳು ಮಗಳು. ಅದಕ್ಕೆ ಹುಲ್ಲಿಗಿಂತ ಹಿಂಡಿ ಇಷ್ಟ ಎಂದು ಮಗ ಸೇರಿಸಿದ.

ಎಂಟು ದಿನಕ್ಕೆ ಇದು ಕಡಿಮೆ ಕಲಿಕೆಯೇನಲ್ಲ. ಪಂಚಾಕ್ಷರಪ್ಪ ಹದಿನೆಂಟು ವರ್ಷ ಕಚೇರಿಯಲ್ಲಿ ಸವೆದಿದ್ದರೂ ಶಿರಸ್ತೇದಾರರ ಹತ್ತಿರ ಯಾವ ಕಡೆಯಿಂದ ಹೋದರೆ ಒದೆ ತಪ್ಪುತ್ತದೆ ಎಂಬುದನ್ನು ಇನ್ನೂ ಕಲಿತಿರಲಿಲ್ಲ. ಆದರೆ ಅವನಿಗೆ ಮೈ ಉರಿಯಿತು. ಮೇಷ್ಟ್ರು ಮಕ್ಕಳಿಗೆ ಎಮ್ಮೆ ಕಾಯಲು ಕಲಿಸುತ್ತಿದ್ದಾರೆ, ಎಮ್ಮೆಯೇ ಮಕ್ಕಳಿಗೆ ಪಾಠ ಹೇಳುತ್ತಿದೆ ಎಂದು ಕೂಗಾಡಿ, ಮಾರನೆಯ ದಿನವೇ ಇಬ್ಬರನ್ನೂ ಶಾಲೆ ಬಿಡಿಸಿದ. ಇನ್ನು ಮೇಲೆ ಪಾಠವೆಲ್ಲ ಮನೆಯಲ್ಲಿ. ಹೇಳುವವನು ಖುದ್ದು ಪಂಚಾಕ್ಷರಪ್ಪ. ಹೆಸರಿನಲ್ಲೇ ಐದು ಅಕ್ಷರ ಇಟ್ಟುಕೊಂಡವನಿಗೆ ಮಿಕ್ಕ ನಲವತ್ತು ಚಿಲ್ಲರೆ ಏನು ಮಹಾ ಎಂದು ಕಚೇರಿಯಲ್ಲೂ ಜಂಬ ಕೊಚ್ಚಿ ಬಂದ.

ಆದರೆ ಏನು ಕಲಿಸಬೇಕು, ಯಾವ ಹೊತ್ತಿಗೆ ಕಲಿಸಬೇಕು ಎಂದು ಗೊತ್ತುಮಾಡದೆ ಪಾಠಕ್ಕೆ ಕೂರಲು ಅವನೇನು ಉಜ್ಜಪ್ಪನೆ? ಶಿವಮೊಗ್ಗದಿಂದ ಐದು ಬಗೆಯ ಒಂದನೇ ಪುಸ್ತಕ ತರಿಸಿದ. ಒಂದರಲ್ಲಿ ಅ ಅಂದರೆ ಅರಸ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಅಳಿಲು. ಅರಸನಿಂದ ಶುರುಮಾಡಿದರೆ ಪ್ರಜಾಪ್ರಭುತ್ವಕ್ಕೆ ಅಪಚಾರ. ಅಡಿಕೆಯಿಂದ ಶುರುಮಾಡಿದರೆ ಮಕ್ಕಳು ಎಲೆ ಸುಣ್ಣ ಕೇಳುತ್ತವೆ. ಅಳಿಲಿನಿಂದ ಶುರುಮಾಡಿ ಯಾರು ಉದ್ಧಾರವಾಗಿದ್ದಾರೆ? ಈ ವಿಚಾರಕ್ಕೆ ಮೂರು ವಾರ ಹಿಡಿಯಿತು. ಗಣಿತದಲ್ಲಿ ಹಳೆಯ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಹೇಳಿಕೊಡೋಣವೆಂದರೆ ನಯಾಪೈಸೆ ಬಂದು ವರ್ಷ ಕಳೆದಿತ್ತು, ಸೇರು ಹೋಗಿ ಕಿಲೋ ಬರುತ್ತದೆಂಬ ಸುದ್ದಿಯೂ ಇತ್ತು. ಸರ್ಕಾರ ಮೊದಲು ಎಣಿಸಲು ಕಲಿಯಲಿ, ಆಮೇಲೆ ಮಕ್ಕಳಿಗೆ ಕಲಿಸಿದರಾಯಿತು ಎಂದು ಗಣಿತವನ್ನು ಬಾಕಿ ಇಟ್ಟ. ಅಷ್ಟರಲ್ಲಿ, ಅಕ್ಷರ ಹುಟ್ಟಿದ ಹಾಗೆಯೇ ಅಕ್ಷರ ಕಲಿಸಬೇಕೆಂಬ ಹೊಸ ಹುಚ್ಚು ಹತ್ತಿ ತಾಳಗುಂದಕ್ಕೆ ಹೋಗಿ ಶಾಸನದ ಕಂಬದಿಂದ ಮೂರು ಅಕ್ಷರ ಬರೆದುಕೊಂಡು ಬಂದ. ಮೂರೂ ಅವನಿಗೇ ಓದಲು ಬರಲಿಲ್ಲ.

ಹೀಗೆ ಎರಡು ತಿಂಗಳು ಪಠ್ಯ ಆರಿಸುವುದರಲ್ಲೇ ಕಳೆಯಿತು. ಮಕ್ಕಳು ಅಷ್ಟರಲ್ಲಿ ಗೋಲಿಯಾಟದಲ್ಲಿ ಬೀದಿಗೇ ಪಂಡಿತರಾದರು. ಚೌಡೇಶ್ವರಿ ಚರಂಡಿಯ ಏಡಿಯನ್ನು ಕೊಂಡಿಗೆ ಸಿಗದಂತೆ ಹಿಡಿಯುವುದನ್ನು ಕಲಿತಳು. ಬೈಗುಳದಲ್ಲಿ ಕಲ್ಲಪ್ಪ ಅ ದಿಂದ ಳ ದವರೆಗೆ ಮುಗಿಸಿದ.

ಹೆಂಡತಿ ವನಜಮ್ಮ ನೋಡುವಷ್ಟು ನೋಡಿ ತಮ್ಮನಿಗೆ ಕಾಗದ ಹಾಕಿದಳು. ತಮ್ಮ ಚಂದ್ರಶೇಖರಪ್ಪ ಸೊರಬದ ಪೇಟೆಯಲ್ಲಿ ಮನೆ ಮಾಡಿಕೊಂಡು ಪಕ್ಕದ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆಂದು ಉತ್ತರ ಬರೆದ. ಶನಿವಾರ ಊಟಕ್ಕೆ ಕೂತ ಗಂಡನಿಗೆ ವನಜಮ್ಮ ವಾಯಿದೆ ಹೇಳಿದಳು: ಭಾನುವಾರ ಸಂಜೆಯೊಳಗೆ ಪಾಠದ ಪಟ್ಟಿ ಕಾಯಂ ಆಗಿ ಮಕ್ಕಳು ಸ್ಲೇಟು ಹಿಡಿಯಬೇಕು, ಇಲ್ಲದಿದ್ದರೆ ಸೋಮವಾರದ ಮೊದಲ ಬಸ್ಸಿಗೆ ಇಬ್ಬರೂ ಮಾವನ ಜೊತೆ ಸೊರಬಕ್ಕೆ, ಅವನ ಶಾಲೆಗೆ.

ಸೊರಬದ ಹತ್ತಿರದ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಬಿದ್ದು ಸಾಯುತ್ತಿವೆ, ಆ ಜ್ವರ ಮನುಷ್ಯರಿಗೂ ಹತ್ತುತ್ತದೆ, ಅಂಥ ಕಡೆ ಮಕ್ಕಳನ್ನು ಕಳಿಸುವುದೇ ಎಂದು ಪಂಚಾಕ್ಷರಪ್ಪ ಅಡ್ಡಗಾಲು ಹಾಕಿದ.

"ನನ್ನ ತಮ್ಮ ಇರೋದು ಪೇಟೇಲಿ, ಕಾಡಲ್ಲಲ್ಲ," ಎಂದಳು ವನಜಮ್ಮ. "ಅಲ್ಲಿ ಮಂಗಗಳು ಸಾಯ್ತಾವೆ ಅಂತೀರಿ. ಇಲ್ಲಿ ಮಕ್ಕಳೇ ಮಂಗ ಆಗ್ತಾವಲ್ರೀ."

ಪಂಚಾಕ್ಷರಪ್ಪನಿಗೆ ಇದು ಮಾನದ ಪ್ರಶ್ನೆ. ಯುಗಾದಿಗೆ ಮಾವನ ಮನೆಗೆ ಹೋದಾಗ ತುಂಬಿದ ಪಂಕ್ತಿಯಲ್ಲಿ, ಮೇಷ್ಟ್ರ ಕೆಲಸವೆಂದರೆ ಕುರಿ ಕಾಯುವುದು, ಕುರಿಯಾದರೆ ಉಣ್ಣೆಯಾದರೂ ಸಿಗುತ್ತದೆ ಎಂದು ಭಾಮೈದನನ್ನು ಅಣಕಿಸಿ ಬಂದಿದ್ದ. ಈಗ ತನ್ನ ಎರಡು ಮರಿಗಳನ್ನು ಅದೇ ಕುರುಬನ ಕೈಗೆ ಕೊಡುವುದೆ? ಇನ್ನೊಂದು ಕಾರಣವೂ ಇತ್ತು. ಸಂಜೆ ಕಚೇರಿಯಿಂದ ಬರುವಾಗ ಕಲ್ಲಪ್ಪ ಮೆಟ್ಟಿಲ ಮೇಲೆ ಕಾದು ನಿಂತು, ಅಪ್ಪನ ಕೊಡೆ ಕಿತ್ತುಕೊಂಡು ಹೆಗಲ ಮೇಲೆ ಬಂದೂಕಿನ ಹಾಗೆ ಇಟ್ಟುಕೊಂಡು ಒಳಗೆ ನಡೆಯುತ್ತಿದ್ದ. ಆ ಮೆಟ್ಟಿಲು ಖಾಲಿಯಾಗಿರುವುದನ್ನು ನೆನೆದರೆ ಪಂಚಾಕ್ಷರಪ್ಪನಿಗೆ ಕಚೇರಿಯಿಂದ ಏಳುವುದೇ ಬೇಡವೆನಿಸುತ್ತಿತ್ತು. ಅದನ್ನು ಅವನು ಯಾರ ಮುಂದೂ ಹೇಳಿರಲಿಲ್ಲ. ಹೇಳಲು ಕಚೇರಿಯಲ್ಲಿ ಅದಕ್ಕೊಂದು ನಮೂನೆಯೂ ಇರಲಿಲ್ಲ.

ಅಂತೂ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಒಂದು ದೊಡ್ಡ ಹಾಳೆಗೆ ಗೆರೆ ಎಳೆದು ಪಟ್ಟಿ ಬರೆದ. ಬೆಳಿಗ್ಗೆ ಆರರಿಂದ ಹತ್ತು ಅಂಕಿ (ಮಗ್ಗಿ ಬಾಕಿ), ಅಕ್ಷರ, ಚರಿತ್ರೆ (ತಾಳಗುಂದದ ಶಾಸನ, ದಿನಾ ಒಂದು ಗಂಟೆ). ಸಂಜೆ ಐದೂವರೆಯಿಂದ ಎಂಟು ಭೂಗೋಳ ಮತ್ತು ಸದಾಚಾರ. ನಡುವೆ ಹನ್ನೊಂದರಿಂದ ಐದರವರೆಗೆ ಊಟ, ಆಟ, ನಿದ್ದೆ. ಎಲ್ಲ ಪಾಠಕ್ಕೂ ಮುಂದೆ "ಪಂಚಾಕ್ಷರಪ್ಪ, ಖುದ್ದು" ಎಂದು ಬರೆದ. ನಿಜ ಹೇಳಬೇಕೆಂದರೆ ಪಟ್ಟಿ ಚೆನ್ನಾಗಿಯೇ ಇತ್ತು. ಅಲ್ಲಿಗೆ ಪೆನ್ನು ಮುಚ್ಚಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹದಿನೆಂಟು ವರ್ಷ ಜಮೀನಿನ ಖಾತೆ ಬದಲಾವಣೆಯ ನೋಟೀಸು ಬರೆದ ಕೈ ಅದು. ತಲೆಯನ್ನು ಕೇಳದೆ ಕೆಳಗೆ ಇನ್ನೂ ಎರಡು ಸಾಲು ಎಳೆಯಿತು: "ಈ ಬಗ್ಗೆ ಯಾರದಾದರೂ ತಕರಾರು ಇದ್ದಲ್ಲಿ ಈ ದಿನ ಸಂಜೆ ನಾಲ್ಕರೊಳಗೆ ಹಾಜರಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಯಾರ ತಕರಾರೂ ಇಲ್ಲವೆಂದು ಭಾವಿಸಿ ಕಾಯಂ ಮಾಡಲಾಗುವುದು." ಅಷ್ಟೇ ಅಲ್ಲ, ಕಚೇರಿಯ ಪದ್ಧತಿಯಂತೆ ಅನ್ನದ ಅಗುಳು ಹಚ್ಚಿ ಬೀದಿಯ ಬಾಗಿಲಿಗೆ ಅಂಟಿಸಿಯೂ ಬಿಟ್ಟ.

ಕಚೇರಿಯ ಬಾಗಿಲಿನಲ್ಲಿ ಇಂಥ ಸಾವಿರ ನೋಟೀಸು ಅಂಟಿಸಿದ್ದ, ಒಬ್ಬ ನರಪ್ರಾಣಿಯೂ ತಕರಾರು ತಂದದ್ದಿಲ್ಲ. ಅದು ಬರೀ ಜಮೀನಿನ ವಿಷಯ. ಇದು ಪಕ್ಕದ ಮನೆಯ ಮಕ್ಕಳ ವಿಷಯ. ಪಕ್ಕದ ಮನೆಯ ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ಗೊತ್ತಿಲ್ಲದವರು ಶಿಕಾರಿಪುರದಲ್ಲಿ ಅವತ್ತಿಗೆ ಯಾರೂ ಇರಲಿಲ್ಲ.

ಮೊದಲು ಬಂದವಳು ಪಕ್ಕದ ಮನೆಯ ಬಂಗಾರಮ್ಮ. ಎಪ್ಪತ್ತರ ಮುದುಕಿ. ಸ್ವಂತಕ್ಕೆ ಮಕ್ಕಳಿಲ್ಲದ್ದರಿಂದ ಮಕ್ಕಳ ವಿಷಯದಲ್ಲಿ ತಪ್ಪು ಮಾಡಿದ ದಾಖಲೆಯೇ ಇಲ್ಲ. ಬಾಗಿಲಲ್ಲಿ ಬರೆದದ್ದನ್ನು ಯಾರಿಂದಲೋ ಓದಿಸಿಕೊಂಡು ಬಂದಿದ್ದಳು.

"ಅಲ್ಲಪ್ಪ, ಬೆಳಿಗ್ಗೆ ಆರು ಗಂಟೆಗೆ ಮಕ್ಕಳಿಗೆ ಅಂಕಿ ಹೇಳ್ತೀಯಂತೆ. ದೇವರ ಹೆಸರು ಹೇಳೋ ಹೊತ್ತಲ್ಲಿ ಒಂದು ಎರಡು ಅಂತ ಎಣಿಸಿದ್ರೆ ಆ ಮಕ್ಕಳು ದೊಡ್ಡವಾದ ಮೇಲೆ ಏನಾಗ್ತಾವೆ ಗೊತ್ತೇನು? ನಿನ್ನಂಗೆ ಗುಮಾಸ್ತರಾಗ್ತಾವೆ."

ತಕರಾರು ಬರವಣಿಗೆಯಲ್ಲಿರಬೇಕು ಎಂದು ಪಂಚಾಕ್ಷರಪ್ಪ ಗಂಭೀರವಾಗಿ ಹೇಳಿದ. ತನಗೆ ಬರೆಯಲು ಬರುವುದಿಲ್ಲ, ನೀನೇ ಬರಿ ಎಂದಳು ಮುದುಕಿ. ಸರಿ, ಪಂಚಾಕ್ಷರಪ್ಪ ತನ್ನ ಮೇಲಿನ ತಕರಾರನ್ನು ತಾನೇ ಬರೆಯಲು ಕೂತ. ಬರೆಯುತ್ತ ಬರೆಯುತ್ತ ಹುರುಪು ಬಂದು, ಸದರಿ ತಂದೆಯು ವಿವೇಚನೆ ಇಲ್ಲದವನೂ ಹಠಮಾರಿಯೂ ಆಗಿದ್ದು ಎಂದು ಮುದುಕಿ ಹೇಳದೆ ಇದ್ದದ್ದನ್ನೂ ಸೇರಿಸಿದ. ಆಮೇಲೆ ಅರ್ಜಿಯನ್ನು ಎಡಗೈಯಿಂದ ಬಲಗೈಗೆ ಸ್ವೀಕರಿಸಿ, ನಂಬರು ಹಾಕಿ, ಓದಿ, ಅದರ ವಾದದಲ್ಲಿ ಹುರುಳಿದೆ ಎಂದು ಆಜ್ಞೆ ಬರೆದ. ಆರರಿಂದ ಏಳು, ದೇವರ ಹಾಡು, ಬಂಗಾರಮ್ಮ.

ಎರಡನೆಯವನು ಎದುರು ಸಾಲಿನ ದಿನಸಿ ಅಂಗಡಿಯ ಗುತ್ಯಪ್ಪ. ಈಸೂರಿನವನು. ನಲವತ್ತೆರಡರಲ್ಲಿ ಬ್ರಿಟಿಷರ ವಿರುದ್ಧ ಊರು ಎದ್ದು ನಿಂತಾಗ ಅವನು ಹರಿಹರದಲ್ಲಿ ಅತ್ತೆಯ ಮನೆಯ ಕಡುಬು ತಿನ್ನುತ್ತಿದ್ದ. ಆದರೂ ಆ ಕತೆಯನ್ನು ಅವನು ವರ್ಷ ವರ್ಷ ಹೇಳುತ್ತಿದ್ದ, ಹೇಳಿದ ಹಾಗೆಲ್ಲ ಅವನ ಪಾತ್ರ ಬೆಳೆಯುತ್ತಿತ್ತು. ಇನ್ನೆರಡು ವರ್ಷಕ್ಕೆ ಬ್ರಿಟಿಷರು ನೇರ ಅವನ ಕೈಗೇ ರಾಜ್ಯ ಒಪ್ಪಿಸಿ ಹೋಗುವವರಿದ್ದರು.

"ತಾಳಗುಂದದ ಕಲ್ಲಿಗೆ ದಿನಾ ಒಂದು ಗಂಟೆ, ಈಸೂರಿಗೆ ಒಂದು ನಿಮಿಷ ಇಲ್ಲೇನ್ರೀ?" ಎಂದ ಗುತ್ಯಪ್ಪ. "ಬೇರೆಯೋರು ಹೇಳಿದ್ರೆ ತಪ್ಪಾಗ್ತದೆ. ಕಂಡೋರು ಹೇಳಬೇಕು."

ಕಂಡವರನ್ನು ಕರೆಸೋಣ ಎಂದು ಹೇಳುವ ಧೈರ್ಯ ಪಂಚಾಕ್ಷರಪ್ಪನಿಗಿರಲಿಲ್ಲ. ಮನೆಗೆ ಅಕ್ಕಿ ಬೇಳೆ ಬರುತ್ತಿದ್ದದ್ದು ಆ ಅಂಗಡಿಯಿಂದ. ಅಂಗಡಿ ತೆರೆಯುವ ಮುಂಚೆ ಬಿಡುವು ಎಂದು ಗುತ್ಯಪ್ಪ ಏಳರಿಂದ ಎಂಟನ್ನು ಹಿಡಿದ.

ಮೂರನೆಯವನಾದ ಟೈಲರ್ ಮುಕ್ತಾರ್ ಅಹಮದ್ ಮೆಟ್ಟಿಲ ಕೆಳಗೇ ಸಂಕೋಚದಿಂದ ನಿಂತಿದ್ದ. "ನಾನು ತಕರಾರು ಮಾಡೋಕೆ ಬಂದಿಲ್ರಿ ಪಂಚಾಕ್ಷರಪ್ಪೋರೆ. ಆದ್ರೆ ನೀವು ಇಷ್ಟು ಚಂದಾಗಿ ಬರೆದು ಕರೆದೀರಿ. ಬರದೆ ಇದ್ರೆ ಬೇಜಾರು ಮಾಡ್ಕೋತೀರಿ ಅಂತ ಬಂದೆ."

ಬಂದ ಮೇಲೆ ಬರಿಗೈಯಲ್ಲಿ ಹೋಗಬಾರದೆಂದು ಅವನೂ ಒಂದು ತಕರಾರು ಕೊಟ್ಟ. ಮಗ್ಗಿಯನ್ನು ಬಾಕಿ ಇಡುವುದು ಸರಿಯಲ್ಲ. ತನ್ನ ಅಳತೆಯ ಟೇಪಿನ ಒಂದು ಮಗ್ಗುಲಲ್ಲಿ ಇಂಚು ಇದೆ, ತಿರುವಿದರೆ ಸೆಂಟಿಮೀಟರು ಇದೆ. ಸರ್ಕಾರ ಯಾವ ಮಗ್ಗುಲಿಗೆ ಹೊರಳಿದರೂ ಮಕ್ಕಳಿಗೆ ನಷ್ಟವಿಲ್ಲ. ಎರಡು ತಿಂಗಳು ಪಂಚಾಕ್ಷರಪ್ಪನಿಗೆ ಹೊಳೆಯದ್ದು ಒಂದು ಟೇಪಿನಲ್ಲಿ ಸುತ್ತಿ ಇಟ್ಟಿತ್ತು. ಅವಮಾನ ನುಂಗಿಕೊಂಡು ಎಂಟರಿಂದ ಒಂಬತ್ತನ್ನು ಬರೆದುಕೊಟ್ಟ.

ಆಮೇಲೆ ಬಾಗಿಲು ಮುಚ್ಚಲಾಗಲಿಲ್ಲ. ಭಜನೆಯವರು ಬಂದರು, ಗರಡಿಯವರು ಬಂದರು, ಕಷಾಯದ ಹನುಮಮ್ಮ ಬಂದು ಮಕ್ಕಳಿಗೆ ಮೊದಲು ಜಂತುಹುಳ ಬೀಳಿಸದೆ ವಿದ್ಯೆ ಹತ್ತುವುದೇ ಇಲ್ಲ ಎಂದು ವಾರಕ್ಕೊಂದು ದಿನ ಕೇಳಿದಳು. ಎಲ್ಲರಿಗೂ ಅವರವರ ಕೆಲಸವಿತ್ತಲ್ಲ, ಹೀಗಾಗಿ ಬೇಕಾದದ್ದು ಬೆಳಗೋ ಸಂಜೆಯೋ. ಒಂಬತ್ತರಿಂದ ಹತ್ತೂ ಹೋಯಿತು. ಸಂಜೆ ಐದೂವರೆಯಿಂದ ಎಂಟನ್ನು ಮೂವರು ಹಂಚಿಕೊಂಡರು. ಬಂಗಾರಮ್ಮನಿಗೂ ಗುತ್ಯಪ್ಪನಿಗೂ ಏಳು ಗಂಟೆಯ ಗಡಿಯಲ್ಲಿ ಐದು ನಿಮಿಷದ ಒತ್ತುವರಿ ಜಗಳ ಹತ್ತಿ, ಪಂಚಾಕ್ಷರಪ್ಪ ಸರ್ವೆ ಕಲ್ಲು ನೆಡುವವನ ಹಾಗೆ ಆರು ಐವತ್ತೆಂಟಕ್ಕೆ ಗೆರೆ ಎಳೆದ.

ಮಧ್ಯಾಹ್ನದ ಬಸ್ಸಿಗೆ ಬಂದ ಚಂದ್ರಶೇಖರಪ್ಪ ಈ ಜಾತ್ರೆ ನೋಡಿ, ಜಗಲಿಯ ಮೂಲೆಯಲ್ಲಿ ಅಕ್ಕ ಕೊಟ್ಟ ಮಂಡಕ್ಕಿ ತಿನ್ನುತ್ತ ಕೂತ. ಆ ಕುರುಕುರು ಸದ್ದೇ ಪಂಚಾಕ್ಷರಪ್ಪನಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಗಂಟೆ ಮೂರಾಯಿತು. ಹಾಳೆಯ ಮೇಲೆ ಎಲ್ಲರ ಹೆಸರೂ ಇತ್ತು, ಅಪ್ಪನ ಹೆಸರೇ ಇರಲಿಲ್ಲ. ಅಕ್ಷರ, ಚರಿತ್ರೆ, ಭೂಗೋಳ ಮೂರೂ ನಿರಾಶ್ರಿತರ ಹಾಗೆ ಅಂಚಿನಲ್ಲಿ ನಿಂತಿದ್ದವು. ಹೆಂಡತಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು. ಪಂಚಾಕ್ಷರಪ್ಪ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ನೋಡಿದ, ಕೆಳಗಿನಿಂದ ಮೇಲಕ್ಕೆ ನೋಡಿದ. ನಟ್ಟನಡುವೆ, ಯಾರೂ ಕೇಳದ, ಯಾರೂ ಉಳದ, ಗೋಮಾಳದ ಹಾಗೆ ಬಟಾಬಯಲು ಬಿದ್ದುಕೊಂಡಿತ್ತು ಆರು ತಾಸಿನ ಜಾಗ. ಕಣ್ಣಿಗೆ ಬೀಳದೆ ಹೋದದ್ದಾದರೂ ಹೇಗೆ ಎಂದು ತನ್ನನ್ನೇ ಬೈದುಕೊಂಡು, ಮೂರು ಪಾಠವನ್ನೂ ಅಲ್ಲಿ ಕುಕ್ಕಿದ. ಹನ್ನೊಂದರಿಂದ ಒಂದು, ಅಕ್ಷರ, ಖುದ್ದು. ಒಂದರಿಂದ ಮೂರು, ಚರಿತ್ರೆ, ಖುದ್ದು. ಮೂರರಿಂದ ಐದು, ಭೂಗೋಳ, ಖುದ್ದು.

ನಾಲ್ಕಕ್ಕೆ ಸರಿಯಾಗಿ ಶುದ್ಧ ಪ್ರತಿ ಬರೆದು "ಕಾಯಂ" ಎಂದು ತಲೆಬರಹ ಹಾಕಿದ. ಓದಿ ತಿಳಿದು ಒಪ್ಪಿದ್ದೇವೆ, ನಮ್ಮ ತಕರಾರು ಇಲ್ಲ ಎಂದು ಕೆಳಗೆ ಹನ್ನೊಂದು ಜನ ರುಜುವೋ ಹೆಬ್ಬೆಟ್ಟೋ ಹಾಕಿದರು. ಅದು ಬಾಗಿಲನ್ನು ಏರಿತು. ತಡಮಾಡದೆ ಮೊದಲ ಪಾಠವೂ ಆಗಲೆಂದು ಕಲ್ಲಪ್ಪನ ಕೈಗೆ ಸ್ಲೇಟು ಕೊಟ್ಟರು. ಹುಡುಗ ನಾಲಿಗೆ ಹೊರಗೆ ಹಾಕಿ, ಬೆವರು ಸುರಿಸಿ ಏನೋ ಬರೆದ. ಬಂಗಾರಮ್ಮನಿಗೆ ಅದು ಶಿವಲಿಂಗದ ಹಾಗೆ ಕಂಡು ಕೈಮುಗಿದಳು. ಗುತ್ಯಪ್ಪನಿಗೆ ಭಾರತದ ನಕ್ಷೆ ಕಂಡಿತು. ಅಂಗಿಯ ತೋಳು ಸ್ವಲ್ಪ ಉದ್ದವಾಯಿತು ಎಂದ ಮುಕ್ತಾರ್ ಅಹಮದ್. ಪಂಚಾಕ್ಷರಪ್ಪ ಅದು ಅ ಎಂದು ಸಾಧಿಸಿದ. ಎಮ್ಮೆ ಎಂದ ಕಲ್ಲಪ್ಪ.

ಚಂದ್ರಶೇಖರಪ್ಪ ಎದ್ದು, ಕೈ ಒರೆಸಿಕೊಂಡು ಬಾಗಿಲ ಹತ್ತಿರ ಹೋಗಿ ಪಟ್ಟಿಯನ್ನು ಓದಿದ. "ಎಂತ ಹೇಳೋದು ಭಾವ. ನಾನು ಒಬ್ಬನೇ ನಾಲ್ಕು ಕ್ಲಾಸು ನೋಡ್ತೇನೆ. ಇಲ್ಲಿ ಎರಡು ಮಕ್ಕಳಿಗೆ ಒಂಬತ್ತು ಜನ ಮೇಷ್ಟ್ರು. ಈ ಮಕ್ಕಳನ್ನ ನಾನು ಕರ್ಕೊಂಡು ಹೋದ್ರೆ ಪಾಪ ಬರ್ತದೆ ಮಾರಾಯ್ರೆ."

ವನಜಮ್ಮನೂ ಒಪ್ಪಿದಳು. ಇಷ್ಟು ಜನ ರುಜು ಹಾಕಿ ಹೊಣೆ ಹೊತ್ತ ಮೇಲೆ ಮಕ್ಕಳು ಇಲ್ಲಿಯೇ ಇರಲಿ ಎಂದಳು. ಪಂಚಾಕ್ಷರಪ್ಪ ಮಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಯುಗಾದಿಯ ಕುರಿ ಮಾತನ್ನು ಇನ್ನೊಂದು ಸಲ ಹೇಳೋಣವೇ ಎಂದು ಬಾಯಿ ತೆರೆದ.

ಅಷ್ಟರಲ್ಲಿ ಸಂಜೆಯ ತಿರುಗಾಟಕ್ಕೆ ಹೊರಟ ಶಿರಸ್ತೇದಾರರು ಆ ಬೀದಿಗೆ ಬಂದರು. ನೋಟೀಸು ಕಂಡರೆ ಓದದೆ ಮುಂದೆ ಹೋಗಲಾರದ ಪ್ರಾಣಿ. ಬೆತ್ತವನ್ನು ಕಂಕುಳಲ್ಲಿ ಇಟ್ಟು, ಕನ್ನಡಕ ಏರಿಸಿ, ಬಾಗಿಲ ಮುಂದೆ ನಿಂತರು. ಪಂಚಾಕ್ಷರಪ್ಪ ಮಗನನ್ನು ಹೊತ್ತುಕೊಂಡೇ ನಮಸ್ಕಾರ ಮಾಡಿದ. ಅವರು ತಿರುಗಿ ನೋಡಲಿಲ್ಲ.

"ಅಕ್ಷರ ಚೆನ್ನಾಗಿದೆ ಕಣ್ರೀ," ಎಂದು ಗಟ್ಟಿಯಾಗಿ ಓದತೊಡಗಿದರು. "ಹನ್ನೊಂದರಿಂದ ಒಂದು, ಖುದ್ದು. ಒಂದರಿಂದ ಮೂರು, ಖುದ್ದು. ಮೂರರಿಂದ ಐದು, ಖುದ್ದು. ಸೋಮವಾರದಿಂದ ಶನಿವಾರದವರೆಗೆ." ಒಂದೊಂದು ಖುದ್ದನ್ನೂ ಮೊಳೆ ಹೊಡೆದ ಹಾಗೆ ಹೊಡೆದರು. "ನಮ್ಮ ಕಚೇರಿ ವೇಳೆ ಎಷ್ಟರಿಂದ ಎಷ್ಟು ಪಂಚಾಕ್ಷರಪ್ಪ?"

ಹನ್ನೊಂದು ಕತ್ತುಗಳೂ ಪಟ್ಟಿಯ ಕಡೆ ಹೊರಳಿದವು. ಒಂದು ಇಡೀ ದಿನ ಹನ್ನೊಂದು ಜನ ಜರಡಿ ಹಿಡಿದ ಪಟ್ಟಿ ಅದು. ಆರು ಐವತ್ತೆಂಟರ ಎರಡು ನಿಮಿಷ ಕಂಡವರಿಗೆ ಹನ್ನೊಂದರಿಂದ ಐದರವರೆಗಿನ ಕಚೇರಿ ಕಂಡಿರಲಿಲ್ಲ. ಇದು ಬರೀ ಕರಡು ಸ್ವಾಮಿ ಎಂದ ಪಂಚಾಕ್ಷರಪ್ಪ, ಬಾವಿಯ ತಳದಿಂದ ಮಾತಾಡಿದ ಹಾಗೆ. ಶಿರಸ್ತೇದಾರರು ಬೆತ್ತದ ತುದಿಯಿಂದ ಕಾಯಂ ಎಂಬ ತಲೆಬರಹವನ್ನು ತೋರಿಸಿದರು.

ಗುತ್ಯಪ್ಪನಿಗೆ ಯಾರಾದರೂ ಕಷ್ಟದಲ್ಲಿದ್ದರೆ ಸುಮ್ಮನಿರಲಾಗುತ್ತಿರಲಿಲ್ಲ. ಮುಂದೆ ಬಂದು ಎದೆ ಸೆಟೆದು ಹೇಳಿದ, "ಅದರಲ್ಲಿ ಸುಳ್ಳು ಏನೂ ಇಲ್ಲ ಸ್ವಾಮಿ. ದಿನಾ ಹನ್ನೊಂದರಿಂದ ಐದು ಇವರು ಮನೇಲೇ ಇರ್ತಾರೆ. ಬೇಕಾದ್ರೆ ನಾವು ಹನ್ನೊಂದು ಜನ ಸಾಕ್ಷಿ."

ಶಿರಸ್ತೇದಾರರ ಮುಖದಲ್ಲಿ ಹದಿನೆಂಟು ವರ್ಷದಲ್ಲಿ ಮೊದಲ ಸಲ ನಗು ಕಂಡಿತು. ಸೊರಬದ ಕಚೇರಿಯಲ್ಲಿ ಹಳೆಯ ಪಹಣಿಗಳನ್ನೆಲ್ಲ ನಕಲು ಮಾಡಲು ಒಂದು ವರ್ಷಕ್ಕೆ ಒಬ್ಬ ಗುಮಾಸ್ತನನ್ನು ಕೇಳಿದ್ದರಂತೆ. ಇಲ್ಲಿ ಒಬ್ಬರನ್ನೂ ಬಿಡುವ ಹಾಗಿಲ್ಲ ಎಂದು ಉತ್ತರ ಬರೆಯಲು ಕೂತಿದ್ದರಂತೆ ಇವರು.

"ಹನ್ನೊಂದರಿಂದ ಐದು ನೀವು ಇಲ್ಲದಿದ್ರೂ ನಡೀತದೆ ಅಂತ ಬರವಣಿಗೇಲಿ ಕೊಟ್ಟೀರಿ. ಯಾರ ತಕರಾರೂ ಇಲ್ಲ. ನಾಳೆ ಅಮಲ್ದಾರರ ರುಜು ಹಾಕಿಸ್ತೀನಿ. ಮಂಗಳವಾರ ಸೊರಬದಲ್ಲಿ ಹಾಜರಾಗ್ರಿ." ಪಟ್ಟಿಯನ್ನು ನಾಜೂಕಾಗಿ ಬಾಗಿಲಿನಿಂದ ಬಿಡಿಸಿ, ಮಡಿಸಿ, ಕೋಟಿನ ಜೇಬಿಗೆ ಹಾಕಿಕೊಂಡು ಹೊರಟರು.

ನೆರೆಹೊರೆಯವರಿಗೆಲ್ಲ ಒಟ್ಟಿಗೆ ಮನೆಗೆಲಸ ನೆನಪಾಯಿತು. ಅಪ್ಪನೇ ಇಲ್ಲದ ಮನೆಯಲ್ಲಿ ಪಾಠ ಹೇಳುವುದು ಲೋಕ ನೋಡುವ ದೃಷ್ಟಿಯಿಂದ ಚೆನ್ನಾಗಿರುವುದಿಲ್ಲ ಎಂದು ಒಬ್ಬೊಬ್ಬರೇ ಜಾರಿಕೊಂಡರು. ಸೊರಬಕ್ಕೆ ಅಪ್ಪ ಒಬ್ಬನೇ ಹೋದರೆ ಸಾಕು, ಬೆಳಿಗ್ಗೆ ಮಕ್ಕಳನ್ನು ಮತ್ತೆ ಉಜ್ಜಪ್ಪ ಮೇಷ್ಟ್ರ ಹತ್ತಿರ ಬಿಟ್ಟು ಬರುತ್ತೇನೆ ಎಂದು ವನಜಮ್ಮ ಒಳಗಿನಿಂದ ಹೇಳಿದಳು. ಮಕ್ಕಳಿಬ್ಬರೂ ಕುಣಿದಾಡಿದವು. ಕಲ್ಲಪ್ಪ ಅಪ್ಪನ ಹೆಗಲಿನಿಂದ ಇಳಿದು ಹಿಂಡಿ ಕೇಳಲು ಅಡುಗೆಮನೆಗೆ ಓಡಿದ.

ಜಗಲಿಯ ಮೇಲೆ ಭಾವ ಭಾಮೈದ ಇಬ್ಬರೇ ಉಳಿದರು. ಚಂದ್ರಶೇಖರಪ್ಪ, ಊಟ ವಸತಿಗೆ ನಮ್ಮ ಮನೆ ಇದೆಯಲ್ಲ, ಚಿಂತೆ ಯಾಕೆ ಎಂದು ಸಮಾಧಾನ ಹೇಳಿದ. ಆಮೇಲೆ ಕೈಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

"ಒಂದು ಮಾತು ಭಾವ. ನನ್ನ ಶಾಲೆಗೆ ಇಬ್ಬರು ಮಕ್ಕಳು ಕಮ್ಮಿ ಇದ್ರು, ಅದಕ್ಕೇ ಇವನ್ನ ಕರ್ಕೊಂಡು ಹೋಗೋಣ ಅಂತ ಬಂದಿದ್ದು. ಅದು ಹೋಗ್ಲಿ. ಸಂಜೆ ವಯಸ್ಕರ ತರಗತಿ ಒಂದು ಅದೆ. ಇನ್‌ಸ್ಪೆಕ್ಟರು ಬರೋ ಹೊತ್ತಿಗೆ ಇಪ್ಪತ್ತು ಹೆಸರು ಬೇಕು. ಹತ್ತೊಂಬತ್ತು ಆಗಿದೆ."

ಪಂಚಾಕ್ಷರಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ನೆಟ್ಟಗೆ ಕೂತು, ಪಾಠ ಹೇಳಲು ತಾನು ತಯಾರು, ಆದರೆ ಪಠ್ಯಕ್ರಮ ಮಾತ್ರ ತನ್ನದೇ ಇರಬೇಕು ಎಂದ.

"ಹೇಳೋಕಲ್ಲ ಭಾವ. ಕೂರೋಕೆ."

ಕೈಚೀಲದಿಂದ ಒಂದು ಫಾರಂ ತೆಗೆದು ಚಂದ್ರಶೇಖರಪ್ಪ ತಾನೇ ತುಂಬಿದ. ಹೆಸರು, ಪಂಚಾಕ್ಷರಪ್ಪ. ವಯಸ್ಸು, ನಲವತ್ತೆರಡು. ಅಕ್ಷರಜ್ಞಾನ, ಇಲ್ಲ. ಭಾವ ಕಾಗದ ಕಂಡೊಡನೆ ಎಂದಿನಂತೆ ಜೇಬಿಗೆ ಕೈ ಹಾಕಿ ಪೆನ್ನಿನ ಟೋಪಿ ಬಿಚ್ಚಿದ. ಚಂದ್ರಶೇಖರಪ್ಪ ಗಾಬರಿಯಿಂದ ಅವನ ಮಣಿಕಟ್ಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮಸಿಯ ಡಬ್ಬಿ ತೆರೆದ.

"ಪೆನ್ನು ಒಳಗಿಡಿ ಮಾರಾಯ್ರೆ. ನೀವು ರುಜು ಮಾಡಿದ್ರೆ ನನ್ನ ಕೆಲಸ ಹೋಗ್ತದೆ. ಹೆಬ್ಬೆರಳು ಕೊಡಿ."